ಜಾಲದ ಮೂಲಕ ಬಂದ ಕನ್ನಡ ಬರಹ ಓದಲು ಬಾರದಾದಾಗ: ದೋಷದ ಪರೀಕ್ಷೆ ಮತ್ತು ಪರಿಹಾರ

ಗಣಕಯಂತ್ರಕ್ಕೆ ಅಕ್ಷರಜ್ಞಾನವಿಲ್ಲ. ಅದು ಬಲ್ಲದ್ದು ಅಂಕಿಗಳನ್ನು ಮಾತ್ರ. ನಾವು ಕೀಲಿಮಣೆಯಲ್ಲಿ ಒತ್ತಿದ ಪ್ರತಿಯೊಂದು ಅಕ್ಷರವೂ ಒಂದು ಅಥವಾ ಹಲವು ಅಂಕಿಗಳಾಗಿ ಯಂತ್ರದ ಸ್ಮೃತಿಯಲ್ಲಿ ನೆಲೆಗೊಳ್ಳುತ್ತದೆ. ಜಾಲದ ಮೂಲಕ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುವುದೂ ಆ ಅಂಕಿಗಳೇ. ಯಾವ ಅಂಕಿಗೆ ಯಾವ ಅಕ್ಷರ ಎಂಬುದನ್ನು ಗೊತ್ತುಪಡಿಸುವ ಪಟ್ಟಿಗೆ ಸಂಕೇತಕ್ರಮವೆಂದು ಹೆಸರು. ಕಳುಹಿಸುವವರೂ ಸ್ವೀಕರಿಸುವವರೂ ಒಂದೇ ಸಂಕೇತಕ್ರಮವನ್ನು ಅನುಸರಿಸಿದಾಗ ಬರಹವು ಬರಹವಾಗಿಯೇ ತಲುಪುತ್ತದೆ. ಇಬ್ಬರ ಪಟ್ಟಿಗಳೂ ಬೇರೆ ಬೇರೆಯಾದಾಗ, ಅಂಕಿಗಳು ಒಂದೂ ತಪ್ಪದೆ ತಲುಪಿದ್ದರೂ, ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಮೂಡುತ್ತದೆ.

ಈ ತೊಂದರೆ ಹೊರನಾಡ ಕನ್ನಡಿಗರಿಗೆ ಹೆಚ್ಚು ಪರಿಚಿತವಾದುದು. ಕರ್ನಾಟಕದ ಒಂದು ಕಚೇರಿಯಲ್ಲಿ ಬರೆದ ಪತ್ರವನ್ನು ಪಕ್ಕದ ಕಚೇರಿಯವರು ಓದುವಾಗ ಇಬ್ಬರ ಯಂತ್ರದಲ್ಲಿಯೂ ಒಂದೇ ಕನ್ನಡ ತಂತ್ರಾಂಶ ಇರುವುದು ಸಾಮಾನ್ಯ. ಅದೇ ಪತ್ರ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು ಅಥವಾ ದೆಹಲಿಯಲ್ಲಿರುವ ಬಂಧುವನ್ನು ತಲುಪಿದಾಗ ಆ ಯಂತ್ರದಲ್ಲಿ ಅಂತಹ ತಂತ್ರಾಂಶ ಇರಬೇಕೆಂದಿಲ್ಲ. ಆಗ ಪತ್ರವೇ ಕೆಟ್ಟಿದೆ ಎಂದು ಭಾವಿಸಿ ಅದನ್ನು ಅಳಿಸಿಹಾಕುವವರು ಉಂಟು. ಮನೆತನದ ದಾಖಲೆ, ಜಮೀನಿನ ವಿವರ, ಸಂಘದ ಸದಸ್ಯರ ಪಟ್ಟಿ ಮುಂತಾದವುಗಳು ಹೀಗೆ ಕೈಬಿಟ್ಟುಹೋಗುವ ಸಂಭವವಿದೆ. ಆದುದರಿಂದ ಒಂದು ಮಾತನ್ನು ಮೊದಲಿಗೇ ತಿಳಿದಿರುವುದು ಒಳ್ಳೆಯದು: ಓದಲು ಬಾರದ ಬರಹ ಬಹುಮಟ್ಟಿಗೆ ನಾಶವಾದ ಬರಹವಲ್ಲ. ಅದನ್ನು ನಾಶಮಾಡುವುದು ಅನೇಕ ವೇಳೆ ಜಾಲವಲ್ಲ, ಅದನ್ನು ಪಡೆದವರು ಅವಸರದಲ್ಲಿ ಕೈಗೊಳ್ಳುವ ರಿಪೇರಿ.

ಸಂಕೇತಕ್ರಮಗಳ ಹಿನ್ನೆಲೆ

ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಎಂಬ ಸಂಕೇತಕ್ರಮದಲ್ಲಿ ಇದ್ದ ಸ್ಥಾನಗಳು 128 ಮಾತ್ರ. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಲೇಖನಚಿಹ್ನೆಗಳು ಮತ್ತು ಯಂತ್ರಕ್ಕೆ ಬೇಕಾದ ಕೆಲವು ಆದೇಶಗಳಿಗೆ ಅಷ್ಟು ಸಾಕಾಗಿತ್ತು. ಒಂದು ಬೈಟಿನಲ್ಲಿ 0ಯಿಂದ 255ರವರೆಗೆ ಒಟ್ಟು 256 ಬೆಲೆಗಳನ್ನು ಇಡಬಹುದಾದ್ದರಿಂದ, ಉಳಿದ 128 ಸ್ಥಾನಗಳನ್ನು ಬೇರೆ ಬೇರೆ ದೇಶಗಳು ತಮ್ಮ ತಮ್ಮ ಲಿಪಿಗಳಿಗೆ ಬಳಸಿಕೊಂಡವು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ವಿಂಡೋಸ್ ವ್ಯವಸ್ಥೆಯಲ್ಲಿ ಬಳಕೆಗೆ ಬಂದ ಪಟ್ಟಿಗೆ 1252 ಎಂಬ ಸಂಖ್ಯೆ ಇದೆ. ಈ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ವಿವರಿಸುವ ತೊಂದರೆಗಳಲ್ಲಿ ಹಲವು ಇದರಿಂದ ಹುಟ್ಟಿದವು.

ಭಾರತೀಯ ಭಾಷೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಇಸ್ಕಿ ಎಂಬ ಮಾನಕವನ್ನು ಅಂಗೀಕರಿಸಿತು. ಬ್ರಾಹ್ಮೀ ಮೂಲದ ಲಿಪಿಗಳ ವರ್ಣಮಾಲೆ ಒಂದೇ ಬಗೆಯದೆಂಬ ತಿಳಿವಳಿಕೆಯೇ ಇದರ ಅಡಿಗಲ್ಲು. ಇಸ್ಕಿಯಲ್ಲಿ 179 ಎಂಬ ಅಂಕಿಯು ಕನ್ನಡದಲ್ಲಿ ಓದಿದಾಗ ಕನ್ನಡದ ಕ, ದೇವನಾಗರಿಯಲ್ಲಿ ಓದಿದಾಗ ದೇವನಾಗರಿಯ ಕ ಆಗುತ್ತದೆ.

ಆದರೆ ಜನಬಳಕೆಯಲ್ಲಿ ಹೆಚ್ಚು ಹರಡಿದ್ದು ಮತ್ತೊಂದು ಬಗೆಯ ಏರ್ಪಾಡು. ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳ ಚಿತ್ರಗಳನ್ನು ಕೂಡಿಸಿ ಫಾಂಟುಗಳನ್ನು ಸಿದ್ಧಪಡಿಸಲಾಯಿತು. ಶ್ರೀಲಿಪಿ, ಆಕೃತಿ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮುಂತಾದ ತಂತ್ರಾಂಶಗಳ ಹಳೆಯ ಕಡತಗಳು ಈ ಬಗೆಯವು. ಕನ್ನಡದಲ್ಲಿ ಪುಸ್ತಕ, ಪತ್ರಿಕೆ, ಕಚೇರಿಪತ್ರಗಳು ಗಣಕದಲ್ಲಿ ಅಚ್ಚಾಗಲು ಸಾಧ್ಯವಾದುದು ಇವುಗಳಿಂದಲೇ. ಆದರೆ ಇಲ್ಲಿ ಯಂತ್ರದ ಸ್ಮೃತಿಯಲ್ಲಿ ಉಳಿಯುವುದು ಇಂಗ್ಲಿಷಿನ ಅಂಕಿಗಳು. ಫಾಂಟು ಅವುಗಳ ಮೇಲೆ ಹೊದಿಸಿದ ಕನ್ನಡದ ಹೊದಿಕೆಯಷ್ಟೆ. ಹೊದಿಕೆ ಸರಿದರೆ ಕನ್ನಡ ಕಾಣದು.

ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸ್ಥಾನವನ್ನು ಕಲ್ಪಿಸುವ ಯೂನಿಕೋಡ್ ಮಾನಕದ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಭಾರತೀಯ ಲಿಪಿಗಳ ವಿಭಾಗಗಳಿಗೆ ಇಸ್ಕಿಯ 1988ರ ರೂಪವೇ ತಳಹದಿ. ಕನ್ನಡಕ್ಕೆ ದೊರೆತ ಸ್ಥಾನಗಳು 3200ರಿಂದ 3327ರವರೆಗೆ, ಒಟ್ಟು 128. ಕ ಅಕ್ಷರದ ಸ್ಥಾನ 3221. ತೆಲುಗಿನ ಕ ಇದಕ್ಕಿಂತ ಸರಿಯಾಗಿ 128 ಸ್ಥಾನ ಹಿಂದೆ, ತಮಿಳಿನದು 256 ಸ್ಥಾನ ಹಿಂದೆ ಇದೆ. ಇಷ್ಟು ದೊಡ್ಡ ಅಂಕಿ ಒಂದು ಬೈಟಿನಲ್ಲಿ ಹಿಡಿಯದು. ಆದಕಾರಣ 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಅವರು ಯುಟಿಎಫ್-8 ಎಂಬ ವಿಧಾನವನ್ನು ರೂಪಿಸಿದರು. ಇದರಂತೆ ಪ್ರತಿಯೊಂದು ಕನ್ನಡ ಅಕ್ಷರ ಅಥವಾ ಚಿಹ್ನೆ ಮೂರು ಬೈಟುಗಳಾಗಿ ಸಾಗುತ್ತದೆ. ಉದಾಹರಣೆಗೆ, ಕ ಅಕ್ಷರವು 224, 178, 149 ಎಂಬ ಮೂರು ಅಂಕಿಗಳಾಗುತ್ತದೆ. ಕನ್ನಡ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಘಟಕಗಳಿದ್ದು, ಆ ಪದ ಜಾಲದಲ್ಲಿ ಹದಿನೈದು ಬೈಟುಗಳಾಗಿ ಪ್ರಯಾಣ ಮಾಡುತ್ತದೆ.

ಮೊದಲು ಮಾಡಬೇಕಾದುದು

ಪರದೆಯ ಮೇಲೆ ವಿಕಾರವಾಗಿ ಕಂಡ ಬರಹವನ್ನು ತಿದ್ದಲು ತೊಡಗುವ ಮುನ್ನ ಮೂರು ಕಾರ್ಯಗಳನ್ನು ತಪ್ಪದೆ ಮಾಡತಕ್ಕದ್ದು.

1. ಬಂದ ಕಡತದ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ, ತೆರೆಯದೆಯೇ, ಕಾಪಾಡಿ ಇಡುವುದು.

2. ತೆರೆದ ಕಡತವು ವಿಕಾರವಾಗಿ ಕಂಡರೆ ಅದನ್ನು ಉಳಿಸದೆ ಮುಚ್ಚುವುದು. ಉಳಿಸುವಾಗ ಕೆಲವು ಅಕ್ಷರಗಳು ನಷ್ಟವಾಗಬಹುದೆಂಬ ಎಚ್ಚರಿಕೆಯನ್ನು ಯಂತ್ರವು ನೀಡಿದರೆ ಅದಕ್ಕೆ ಒಪ್ಪಿಗೆ ಕೊಡಬಾರದು.

3. ಪರದೆಯಲ್ಲಿ ಕಂಡ ವಿಕಾರ ಬರಹವನ್ನು ಆಯ್ದು ನಕಲು ಮಾಡಿ ಇನ್ನೊಬ್ಬರಿಗೆ ಕಳುಹಿಸದಿರುವುದು. ಸಹಾಯ ಕೇಳುವಾಗ ಮೂಲ ಕಡತವನ್ನೇ ಕಳುಹಿಸಬೇಕು.

ಮೂರನೆಯ ನಿಯಮಕ್ಕೆ ಕಾರಣವನ್ನು ಮುಂದೆ ಹೇಳಲಾಗಿದೆ.

ಲಕ್ಷಣಗಳಿಂದ ದೋಷವನ್ನು ಗುರುತಿಸುವ ಬಗೆ

ವೈದ್ಯನು ರೋಗದ ಲಕ್ಷಣವನ್ನು ನೋಡಿ ಔಷಧವನ್ನು ನಿಶ್ಚಯಿಸುವಂತೆ, ಪರದೆಯಲ್ಲಿ ಕಾಣುವ ಚಿಹ್ನೆಗಳ ರೂಪವನ್ನು ನೋಡಿಯೇ ದೋಷದ ಜಾತಿಯನ್ನು ತಿಳಿಯಬಹುದು. ಸಾಮಾನ್ಯವಾಗಿ ಕಂಡುಬರುವ ಲಕ್ಷಣಗಳು ಆರು.

ಮೊದಲನೆಯದು, ಅಕ್ಷರಗಳ ಬದಲಿಗೆ ಖಾಲಿ ಚೌಕಗಳು. ಇದು ಅತ್ಯಂತ ಹಗುರವಾದ ದೋಷ. ಅಂಕಿಗಳು ಸರಿಯಾಗಿವೆ, ಅವುಗಳನ್ನು ಯಂತ್ರವು ಕನ್ನಡವೆಂದು ಗುರುತಿಸಿಯೂ ಇದೆ. ಆದರೆ ಚಿತ್ರಿಸಲು ಕನ್ನಡದ ಫಾಂಟಿಲ್ಲ. ವಿಂಡೋಸ್ ಎಕ್ಸ್‌ಪಿ ಆವೃತ್ತಿಯೊಡನೆ 2001ರಲ್ಲಿ ತುಂಗಾ, ವಿಂಡೋಸ್ 8ರೊಡನೆ 2012ರಲ್ಲಿ ನಿರ್ಮಲಾ ಎಂಬ ಯೂನಿಕೋಡ್ ಫಾಂಟುಗಳು ಬಂದಿವೆ. ನೋಟೋ ಎಂಬ ಕನ್ನಡ ಫಾಂಟು ಉಚಿತವಾಗಿ ದೊರೆಯುತ್ತದೆ. ಇವುಗಳಲ್ಲಿ ಒಂದನ್ನು ಅಳವಡಿಸಿದರೆ ಚೌಕಗಳು ಮಾಯವಾಗಿ ಬರಹ ಕಾಣಿಸುತ್ತದೆ. ಕಡತವನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ.

ಎರಡನೆಯದು, ತಲೆಯ ಮೇಲೆ ಓರೆಗೀಟುಳ್ಳ ಇಂಗ್ಲಿಷಿನ ಸಣ್ಣ ಎ ಅಕ್ಷರವು ಮತ್ತೆ ಮತ್ತೆ ಬರುವುದು, ಪ್ರತಿ ಸಲವೂ ಅದರ ಬೆನ್ನಿಗೆ ಮೇಲಕ್ಕೆ ಏರಿಸಿ ಬರೆದ ಪುಟ್ಟ 2 ಅಥವಾ ಪುಟ್ಟ 3 ಇರುವುದು. ಇದು ಯುಟಿಎಫ್-8 ಬರಹವನ್ನು 1252 ಪಟ್ಟಿಯಿಂದ ಓದಿದುದರ ಖಚಿತ ಗುರುತು. ಆ ಪಟ್ಟಿಯಲ್ಲಿ 224 ಎಂದರೆ ಓರೆಗೀಟಿನ ಸಣ್ಣ ಎ. 178 ಎಂದರೆ ಪುಟ್ಟ 2. 179 ಎಂದರೆ ಪುಟ್ಟ 3. ಯುಟಿಎಫ್-8ರಲ್ಲಿ ಕನ್ನಡದ ಎಲ್ಲ ಅಕ್ಷರಗಳೂ 224ರಿಂದಲೇ ಆರಂಭವಾಗಿ, ಎರಡನೆಯ ಬೈಟು 178 ಅಥವಾ 179 ಆಗಿರುವುದರಿಂದ ಈ ಗುರುತು ತಪ್ಪುವುದಿಲ್ಲ. ಇದಕ್ಕೆ ಪರಿಹಾರ, ಮೂಲ ಕಡತವನ್ನು ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆಯುವುದು. ಎಕ್ಸೆಲ್‌ನಲ್ಲಿ ಸಿಎಸ್‌ವಿ ಕಡತವನ್ನು ನೇರವಾಗಿ ತೆರೆಯದೆ, ಡೇಟಾ ವಿಭಾಗದಿಂದ ಆಮದು ಮಾಡಿಕೊಂಡು, ಕಡತದ ಮೂಲವೆಂಬಲ್ಲಿ 65001 ಸಂಖ್ಯೆಯ ಯುಟಿಎಫ್-8 ಅನ್ನು ಆರಿಸಬೇಕು. ಲಿಬ್ರೆ ಆಫೀಸಿನಲ್ಲಿ ಅಂತಹ ಕಡತವನ್ನು ತೆರೆಯುವಾಗಲೇ ಅಕ್ಷರಸಮೂಹ ಯಾವುದೆಂದು ಕೇಳಲಾಗುತ್ತದೆ. ಜಾಲಪುಟವೊಂದು ಹೀಗೆ ಕಂಡರೆ ಫೈರ್‌ಫಾಕ್ಸ್ ವೀಕ್ಷಕದ ವ್ಯೂ ಪಟ್ಟಿಯಲ್ಲಿ ಸಂಕೇತಕ್ರಮವನ್ನು ರಿಪೇರಿ ಮಾಡುವ ಆದೇಶವನ್ನು ಪ್ರಯೋಗಿಸಿ ನೋಡಬಹುದು.

ಮೂರನೆಯದು, ಮೇಲಿನದಕ್ಕೆ ಹೋಲುವಂತೆ ಕಂಡರೂ ಜಾತಿಯೇ ಬೇರೆಯಾದುದು. ಇಲ್ಲಿ ಪದೇ ಪದೇ ಕಾಣುವುದು ಓರೆಗೀಟಿನ ದೊಡ್ಡ ಎ ಅಕ್ಷರ. ನಡುನಡುವೆ ಸಾಮಾನ್ಯ ಇಂಗ್ಲಿಷ್ ಅಕ್ಷರಗಳೂ ಪೌಂಡ್ ನಾಣ್ಯದ ಚಿಹ್ನೆಯೂ ಇರುತ್ತವೆ. ಇದು ನುಡಿಯ ಹಳೆಯ ಫಾಂಟುಗಳಲ್ಲಿ ಬರೆದ ಕಡತದ ಗುರುತು. ಈ ಕ್ರಮದಲ್ಲಿ ಕನ್ನಡ ಎಂಬ ಪದವು ಏಳು ಚಿಹ್ನೆಗಳಾಗಿರುತ್ತದೆ: ದೊಡ್ಡ ಪಿ, ಓರೆಗೀಟಿನ ದೊಡ್ಡ ಎ, ಪೌಂಡ್ ಚಿಹ್ನೆ, ಮತ್ತೆ ಆ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಮತ್ತೆ ಆ ಎ. ಕ, ನ, ಡ ಅಕ್ಷರಗಳ ದೇಹಗಳು ಬೇರೆ, ಅವುಗಳ ತಲೆಕಟ್ಟು ಬೇರೆ. ಮೂರು ಸಲ ಬಂದ ಆ ದೊಡ್ಡ ಎ ತಲೆಕಟ್ಟಲ್ಲದೆ ಬೇರೆಯಲ್ಲ. ಜೋಡಿ ಎಸ್ ಎಂಬುದು ನಕಾರದ ಒತ್ತು.

ಇದಕ್ಕೆ ಎರಡು ಪರಿಹಾರಗಳಿವೆ. ಓದಿದರೆ ಸಾಕು ಎನ್ನುವವರು ಆ ಫಾಂಟನ್ನು ಅಳವಡಿಸಿಕೊಂಡು ಬರಹಕ್ಕೆ ಅನ್ವಯಿಸಬಹುದು. ಶಾಶ್ವತವಾಗಿ ಕಾಪಾಡಬೇಕಾದ ಬರಹವನ್ನು ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ಬದಲಾಯಿಸಬೇಕು. ಪರಿವರ್ತಿಸುವಾಗ ಎರಡು ಅಂಶಗಳು ಗಮನಾರ್ಹ. ಬರಹದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವುಗಳನ್ನೂ ಕನ್ನಡದ ಅಕ್ಷರಭಾಗಗಳೆಂದು ಎಣಿಸಿ ಕೆಡಿಸುತ್ತದೆ. ಆದುದರಿಂದ ಅವನ್ನು ಮೊದಲೇ ಗುರುತುಮಾಡಿ ಪ್ರತ್ಯೇಕಿಸಬೇಕು. ಎರಡನೆಯದಾಗಿ, ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ವ್ಯಂಜನದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರಕಾರ ಮೊದಲು ಬರಬೇಕು. ಧರ್ಮ, ಸೂರ್ಯ, ಕರ್ನಾಟಕ ಮುಂತಾದ ಪದಗಳು ಸರಿಯಾಗಿ ಬಂದಿವೆಯೇ ಎಂದು ನೋಡಿದರೆ ಪರಿವರ್ತಕದ ಯೋಗ್ಯತೆ ತಿಳಿಯುತ್ತದೆ.

ನಾಲ್ಕನೆಯದು, ಶೇಕಡಾ ಚಿಹ್ನೆ, ಸಮಚಿಹ್ನೆ ಅಥವಾ ಹ್ಯಾಷ್ ಚಿಹ್ನೆಗಳ ಸಾಲು. ಇವು ದೋಷಗಳಲ್ಲ, ಪ್ರಯಾಣಕ್ಕೆಂದು ಕಟ್ಟಿದ ಗಂಟುಗಳು. ಜಾಲದ ವಿಳಾಸಗಳಲ್ಲಿ ಪ್ರತಿ ಬೈಟಿನ ಹಿಂದೆ ಶೇಕಡಾ ಚಿಹ್ನೆಯನ್ನು ಇಡುವುದು ರೂಢಿ. ಅಂತಹ ವಿಳಾಸವನ್ನು ವೀಕ್ಷಕದ ವಿಳಾಸಪಟ್ಟಿಯಲ್ಲಿ ಇಟ್ಟು ತೆರೆದರೆ ಕನ್ನಡ ಕಾಣುತ್ತದೆ. ವಿದ್ಯುನ್ಮಾನ ಅಂಚೆಯ ಮೊದಲಿನ ವ್ಯವಸ್ಥೆಯು ಆಸ್ಕಿಯ 128 ಚಿಹ್ನೆಗಳನ್ನು ಮಾತ್ರ ಸಾಗಿಸಬಲ್ಲದಾಗಿತ್ತು. ಉಳಿದವುಗಳನ್ನು ಸಮಚಿಹ್ನೆಯೊಡನೆ ಕಟ್ಟಿ ಸಾಗಿಸುವ ವಿಧಾನ 1992ರಲ್ಲಿ ಬಂದಿತು. ಅಂತಹ ಸಂದೇಶವನ್ನು ಪೂರ್ಣ ಕಡತವಾಗಿ ಉಳಿಸಿ ಅಂಚೆಯ ತಂತ್ರಾಂಶದಲ್ಲಿಯೇ ತೆರೆದರೆ ಗಂಟು ಬಿಚ್ಚುತ್ತದೆ. ಹ್ಯಾಷ್ ಚಿಹ್ನೆಯ ಮುಂದೆ 3200ರಿಂದ 3327ರ ಒಳಗಿನ ಸಂಖ್ಯೆಗಳು ಸಾಲಾಗಿ ಕಂಡರೆ ಅವು ಯೂನಿಕೋಡಿನ ಸ್ಥಾನಗಳೇ. ಆ ಬರಹವನ್ನು ಜಾಲಪುಟದ ಕಡತವಾಗಿ ಉಳಿಸಿ ವೀಕ್ಷಕದಲ್ಲಿ ತೆರೆದರೆ ಸಾಕು.

ಐದನೆಯದು, ಎಲ್ಲೆಲ್ಲೂ ಪ್ರಶ್ನಾರ್ಥಕ ಚಿಹ್ನೆಗಳು. ಇದು ಮಾತ್ರ ಗುಣವಾಗದ ರೋಗ. ಮಾರ್ಗಮಧ್ಯದಲ್ಲಿ ಯಾವುದೋ ತಂತ್ರಾಂಶವು ಕನ್ನಡದ ಅಕ್ಷರಗಳಿಗೆ ತನ್ನ ಪಟ್ಟಿಯಲ್ಲಿ ಸ್ಥಾನವಿಲ್ಲವೆಂದು ಕಂಡು, ಒಂದೊಂದರ ಬದಲಿಗೂ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದುಬಿಟ್ಟಿದೆ. ಮೂಲದ ಅಂಕಿಗಳು ಅಲ್ಲಿ ಉಳಿದಿಲ್ಲ. ಕಪ್ಪು ವಜ್ರಾಕೃತಿಯೊಳಗೆ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಸ್ವಲ್ಪ ಆಶೆಯುಂಟು. ಅದು ತೆರೆಯುವ ತಂತ್ರಾಂಶವು ಬೈಟುಗಳನ್ನು ಅರ್ಥಮಾಡಿಕೊಳ್ಳದೆ ತೋರಿಸಿದ ಗುರುತಾಗಿದ್ದರೆ, ಕಡತ ಇನ್ನೂ ಕೆಟ್ಟಿರುವುದಿಲ್ಲ. ಆದರೆ ಆ ಸ್ಥಿತಿಯಲ್ಲಿ ಉಳಿಸಿದೊಡನೆ ಅದೂ ಶಾಶ್ವತವಾಗುತ್ತದೆ. ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾದಲ್ಲಿ ಕಳುಹಿಸಿದವರಿಂದ ಮತ್ತೆ ತರಿಸಿಕೊಳ್ಳುವುದೊಂದೇ ದಾರಿ.

ಆರನೆಯದು, ಬರಹ ಬಹುಮಟ್ಟಿಗೆ ಸರಿಯಾಗಿದ್ದು ಅಲ್ಲಲ್ಲಿ ಮಾತ್ರ ಕೆಡುವುದು. ಚುಕ್ಕಿಗಳಿಂದಾದ ವೃತ್ತವೊಂದು ಕಂಡರೆ, ಅಲ್ಲಿ ಸ್ವರಚಿಹ್ನೆಯೊಂದು ತನ್ನ ವ್ಯಂಜನವನ್ನು ಕಳೆದುಕೊಂಡು ನಿಂತಿದೆಯೆಂದು ತಿಳಿಯಬೇಕು. ರಾಜ್‌ಕುಮಾರ್ ಎಂಬ ಹೆಸರು ರಾಜ್ಕುಮಾರ್ ಆಗಿ ಬಂದಿದ್ದರೆ, ನಡುವೆ ಇದ್ದ, ಕಣ್ಣಿಗೆ ಕಾಣದ, 8204 ಎಂಬ ಸ್ಥಾನದ ಬಿಡಿಸುವ ಚಿಹ್ನೆಯನ್ನು ಯಾವುದೋ ತಂತ್ರಾಂಶ ಕಸವೆಂದು ತೆಗೆದುಹಾಕಿದೆ. ಇನ್ನು ಕೆಲವೊಮ್ಮೆ ಹೆಸರು ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ, ಆದರೆ ಹುಡುಕಿದರೆ ಸಿಗದು. ಕೊ ಎಂಬುದನ್ನು ಕಕಾರಕ್ಕೆ ಒಂದೇ ಓತ್ವವನ್ನು ಸೇರಿಸಿ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೊಂದು ಸೇರಿಸಿಯೂ ಬರೆಯಬಹುದು. ಎರಡಕ್ಕೂ ರೂಪ ಒಂದೇ, ಅಂಕಿಗಳು ಬೇರೆ. ಪಟ್ಟಿಯನ್ನು ಸಿದ್ಧಪಡಿಸುವವರು ಎಲ್ಲ ಹೆಸರುಗಳನ್ನೂ ಒಂದೇ ಕ್ರಮಕ್ಕೆ ತರುವ ಸಮರೂಪೀಕರಣವನ್ನು ನಡೆಸಿದರೆ ಈ ತೊಂದರೆ ತಪ್ಪುತ್ತದೆ.

ಪರದೆಯಿಂದ ನಕಲು ಮಾಡಬಾರದೇಕೆ?

ಎರಡನೆಯ ಲಕ್ಷಣದ ವಿಕಾರ ಬರಹವನ್ನು ಪರದೆಯಿಂದಲೇ ನಕಲು ಮಾಡಿ, ಹಿಮ್ಮುಖವಾಗಿ ಪರಿವರ್ತಿಸಿ ಕನ್ನಡವನ್ನು ಮರಳಿ ಪಡೆಯಬಹುದಲ್ಲವೇ ಎಂಬ ಪ್ರಶ್ನೆ ಸಹಜ. ತಾತ್ವಿಕವಾಗಿ ಇದು ಸಾಧ್ಯ. ಆದರೆ ಕನ್ನಡದ ಮಟ್ಟಿಗೆ ಇದರಲ್ಲಿ ವಿಶೇಷ ಅಪಾಯವಿದೆ.

1252 ಪಟ್ಟಿಯಲ್ಲಿ 129, 141, 143, 144, 157 ಎಂಬ ಐದು ಸ್ಥಾನಗಳು ಖಾಲಿ ಇವೆ. ಅಲ್ಲಿ ಯಾವ ಅಕ್ಷರವೂ ಇಲ್ಲ. ಯುಟಿಎಫ್-8ರಲ್ಲಿ ಕೊಂಬಿನ, ಅಂದರೆ ಉಕಾರಚಿಹ್ನೆಯ, ಕೊನೆಯ ಬೈಟು 129. ಒತ್ತಕ್ಷರಗಳನ್ನೆಲ್ಲ ಕಟ್ಟಿಕೊಡುವ ವಿರಾಮಚಿಹ್ನೆಯ ಕೊನೆಯ ಬೈಟು 141. ಏ, ಐ, ಝ ಅಕ್ಷರಗಳವು ಕ್ರಮವಾಗಿ 143, 144, 157. ಪರದೆಯಿಂದ ನಕಲು ಮಾಡುವಾಗ ಖಾಲಿ ಸ್ಥಾನದ ಈ ಬೈಟುಗಳನ್ನು ಕೆಲವು ತಂತ್ರಾಂಶಗಳು ಬಿಟ್ಟುಬಿಡುತ್ತವೆ. ಇಷ್ಟೇ ಅಲ್ಲ. ಭ ಅಕ್ಷರದ ಕೊನೆಯ ಬೈಟಾದ 173 ಆ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಸಂಧಿಗೆರೆ. ಠ ಅಕ್ಷರದ ಕೊನೆಯ ಬೈಟಾದ 160 ಒಂದು ಬಗೆಯ ಖಾಲಿ ಜಾಗ. ಅನೇಕ ತಂತ್ರಾಂಶಗಳು ಅದನ್ನು ಸಾಮಾನ್ಯ ಖಾಲಿ ಜಾಗವಾಗಿ ಬದಲಾಯಿಸುತ್ತವೆ.

ಇದರ ಫಲವೇನೆಂದರೆ, ಹಿಮ್ಮುಖ ಪರಿವರ್ತನೆಯ ನಂತರ ಬರಹದ ಬಹುಭಾಗ ಮರಳಿ ಬಂದರೂ ಕೊಂಬುಗಳೂ ಒತ್ತುಗಳೂ ಮರಳುವುದಿಲ್ಲ. ಅವುಗಳ ಜಾಗದಲ್ಲಿ ವಜ್ರಾಕೃತಿ ನಿಲ್ಲುತ್ತದೆ, ಇಲ್ಲವೆ ಏನೂ ಉಳಿಯದು. ಪುಟ್ಟಮ್ಮ ಎಂಬ ಹೆಸರು ಪಟಟಮಮ ಆಗುತ್ತದೆ. ಒತ್ತಕ್ಷರವಿಲ್ಲದ ಕನ್ನಡವನ್ನು ಊಹಿಸಿ ಓದಬಹುದಾದರೂ, ಫಲಾನುಭವಿಗಳ ಪಟ್ಟಿಯಲ್ಲೋ ಆಸ್ತಿಯ ಪತ್ರದಲ್ಲೋ ಹೆಸರು ಊಹೆಯ ವಿಷಯವಾಗಲಾರದು. ಒಂದು ಒತ್ತು ಹೋದರೆ ಹೆಸರು ಹೋಯಿತು. ಹೆಸರು ಹೋದರೆ ಹಕ್ಕನ್ನು ಸಾಧಿಸುವುದು ಕಷ್ಟವಾಗುತ್ತದೆ. ಮೂಲ ಕಡತವನ್ನು ಸರಿಯಾದ ಸಂಕೇತಕ್ರಮದಲ್ಲಿ ಮತ್ತೆ ತೆರೆದರೆ ಈ ನಷ್ಟ ಯಾವುದೂ ಇಲ್ಲ. ಮೂಲ ಪ್ರತಿಯನ್ನು ಮುಟ್ಟದೆ ಕಾಪಾಡಬೇಕೆಂಬ ನಿಯಮದ ಬೆಲೆ ಇದರಿಂದ ಮನವರಿಕೆಯಾದೀತು.

ಕಳುಹಿಸುವವರ ಹೊಣೆ

ಪಡೆದವರು ಪಡುವ ಶ್ರಮವನ್ನು ಕಳುಹಿಸುವವರು ಸುಲಭವಾಗಿ ತಪ್ಪಿಸಬಹುದು. ಹೊಸದಾಗಿ ಬರೆಯುವುದೆಲ್ಲವನ್ನೂ ಯೂನಿಕೋಡಿನಲ್ಲಿಯೇ ಬರೆಯುವುದು, ಬರಿಯ ಬರಹದ ಕಡತವನ್ನು ಯುಟಿಎಫ್-8 ಎಂದು ಆರಿಸಿ ಉಳಿಸುವುದು ಮೊದಲ ಕರ್ತವ್ಯ. ವಿಂಡೋಸಿನ ನೋಟ್‌ಪ್ಯಾಡ್ 2019ರಿಂದೀಚೆಗಿನ ಆವೃತ್ತಿಗಳಲ್ಲಿ ತಾನಾಗಿಯೇ ಯುಟಿಎಫ್-8ರಲ್ಲಿ ಉಳಿಸುತ್ತದೆ; ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಬಳಸುವವರೇ ಆರಿಸಬೇಕು. ಹಳೆಯ ಫಾಂಟಿನ ಕಡತವನ್ನೇ ಕಳುಹಿಸಬೇಕಾಗಿ ಬಂದರೆ ಫಾಂಟಿನ ಹೆಸರನ್ನು ಪತ್ರದಲ್ಲಿ ಬರೆಯತಕ್ಕದ್ದು. ಜೊತೆಗೆ ಒಂದು ಮುದ್ರಿತ ಪುಟದ ಚಿತ್ರವನ್ನು ಕಳುಹಿಸಿದರೆ, ಪಡೆದವರು ಪರಿವರ್ತಿಸಿದ ಬರಹವನ್ನು ಅದರೊಡನೆ ಹೋಲಿಸಿ ನೋಡಬಹುದು. ಮೊಬೈಲ್ ದೂರವಾಣಿಯ ಕಿರುಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿಯುವಲ್ಲಿ ಕನ್ನಡದ 70 ಘಟಕಗಳು ಮಾತ್ರ ಹಿಡಿಯುತ್ತವೆ. ಒತ್ತು, ಕೊಂಬುಗಳೂ ಒಂದೊಂದು ಘಟಕವೇ ಆದ್ದರಿಂದ ಹೆಸರು, ದಿನಾಂಕಗಳನ್ನು ಸಂದೇಶದ ಆರಂಭದಲ್ಲಿಯೇ ಬರೆಯುವುದು ಲೇಸು.

ಹಳೆಯ ಕಡತಗಳ ವಿಷಯ

ಹೊರನಾಡ ಕನ್ನಡ ಸಂಘಗಳ ಸ್ಮರಣಸಂಚಿಕೆಗಳು, ನಾಟಕಗಳ ಹಸ್ತಪ್ರತಿಗಳು, ಸಭೆಗಳ ನಡವಳಿಗಳು 1990ರ ದಶಕದಿಂದ ಈಚೆಗೆ ಗಣಕದಲ್ಲಿ ಸಿದ್ಧವಾದವು. ಅವುಗಳಲ್ಲಿ ಹಲವು ಇಂದಿಗೂ ಹಳೆಯ ಫಾಂಟುಗಳ ಸಂಕೇತದಲ್ಲಿಯೇ ಇರುತ್ತವೆ. ಆ ಫಾಂಟುಗಳನ್ನು ಬಲ್ಲ ಯಂತ್ರಗಳೂ, ಬೆರಳಚ್ಚು ಮಾಡಿದವರ ನೆನಪೂ ಇರುವಾಗಲೇ ಅವನ್ನು ಯೂನಿಕೋಡಿಗೆ ತಂದು, ಪರಿವರ್ತಿಸಿದ ಪ್ರತಿಯ ಜೊತೆಗೆ ಮೂಲ ಕಡತವನ್ನೂ ಫಾಂಟನ್ನೂ ಒಟ್ಟಿಗೆ ಇಡುವುದು ಸಂಘಗಳು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯ. ಇದಕ್ಕೆ ಹಣಕ್ಕಿಂತ ತಾಳ್ಮೆಯೇ ಹೆಚ್ಚಾಗಿ ಬೇಕು. ಪ್ರತಿ ಪುಟವನ್ನೂ ಕನ್ನಡ ಬಲ್ಲವರೊಬ್ಬರು ಒಮ್ಮೆ ಕಣ್ಣಾಡಿಸಿ, ಅರ್ಕಾವೊತ್ತು, ಒತ್ತಕ್ಷರ, ಹೆಸರು ಮತ್ತು ಅಂಕಿಗಳನ್ನು ತಾಳೆನೋಡಬೇಕು. ಯಂತ್ರಕ್ಕೆ ಅಕ್ಷರಜ್ಞಾನವಿಲ್ಲವಾದ್ದರಿಂದ ಈ ಕೊನೆಯ ಪರೀಕ್ಷೆಯನ್ನು ನಾವೇ ನಡೆಸಬೇಕಾಗುತ್ತದೆ.